ತಟ್ಟೆಯಲ್ಲಿ ಸತ್ತ ಕ್ಯಾನ್ಸರ್ ಕೋಶ ದೇಹದಲ್ಲೂ ಸಾಯುತ್ತದಾ?

ಮುಂಜಾವು:

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ಕಿಡ್ನಿ ಕ್ಯಾನ್ಸರ್. ನಾಲ್ಕು ತಿಂಗಳಿಂದ ಇಮ್ಯುನೋಥೆರಪಿ ತೆಗೆದುಕೊಳ್ಳುತ್ತಿದ್ದಾಳೆ. ಮೂರು ವಾರಕ್ಕೊಮ್ಮೆ ಡ್ರಿಪ್. "ಈ ಔಷಧಿ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ, ನಿಮ್ಮದೇ ಬಿಳಿ ರಕ್ತಕಣಗಳ ಬ್ರೇಕ್ ಬಿಡಿಸುತ್ತದೆ" ಅಂತ ಡಾಕ್ಟರ್ ಹೇಳಿದರು. ಅಷ್ಟು ಅರ್ಥವಾಯಿತು.

ಕಾಯಿಲೆ ಗೊತ್ತಾದ ದಿನದಿಂದ ಫೋನಿಗೆ ದಿನಕ್ಕೆ ಒಂದಾದರೂ ವಿಡಿಯೋ ಬರುತ್ತದೆ. ಈ ಸಾರ ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದೆಯಂತೆ. ಆ ಪುಡಿ ಇಮ್ಯುನಿಟಿ ಹೆಚ್ಚಿಸುತ್ತದಂತೆ. ಕಳಿಸುವವರೆಲ್ಲ ಪ್ರೀತಿಯಿಂದಲೇ ಕಳಿಸುತ್ತಾರೆ. ಅಕ್ಕ ಒಂದೊಂದನ್ನೂ ನನಗೆ ತೋರಿಸಿ "ಇದನ್ನು ತಗೊಳ್ಳಲಾ?" ಅಂತ ಕೇಳುತ್ತಾಳೆ. ಏನು ಹೇಳಬೇಕು ಅಂತ ತೋಚುವುದಿಲ್ಲ.

ನನ್ನದು ಎರಡು ಪ್ರಶ್ನೆ. ಲ್ಯಾಬ್‌ನಲ್ಲಿ ಕ್ಯಾನ್ಸರ್ ಕೋಶ ಸತ್ತಿತು ಅಂದರೆ ಅಲ್ಲಿ ನಿಜವಾಗಿ ಏನು ನಡೆದಿರುತ್ತದೆ? ಮತ್ತೆ, ಇಮ್ಯುನಿಟಿ ಜಾಸ್ತಿಯಾದರೆ ಗಡ್ಡೆ ಕರಗಲೇಬೇಕಲ್ವಾ? ಗೊತ್ತಿದ್ದವರು ಬಿಡಿಸಿ ಹೇಳಿ. ಉದ್ದವಾದರೂ ಪರವಾಗಿಲ್ಲ, ಕೂತು ಓದುತ್ತೇನೆ.

ಸೂಕ್ಷ್ಮದರ್ಶಿ:

ಅಕ್ಕ ಬೇಗ ಚೇತರಿಸಿಕೊಳ್ಳಲಿ. ನಾನು ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕ್ಯಾನ್ಸರ್ ಕೋಶ ಬೆಳೆಸುವುದು, ಅದರ ಜೊತೆ ಬಿಳಿ ರಕ್ತಕಣಗಳನ್ನು ಬಿಟ್ಟು ನೋಡುವುದು. ನಾನು ಡಾಕ್ಟರ್ ಅಲ್ಲ. ಅಕ್ಕನ ಚಿಕಿತ್ಸೆ ಬಗ್ಗೆ ಹೇಳುವ ಅರ್ಹತೆ ನನಗಿಲ್ಲ. ಲ್ಯಾಬ್ ಬಗ್ಗೆ ಮಾತ್ರ ಹೇಳುತ್ತೇನೆ.

ಅಂಗೈಯಷ್ಟು ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 96 ಪುಟ್ಟ ಗುಳಿಗಳು. ಪ್ರತಿ ಗುಳಿಗೂ ಕೆಲವು ಸಾವಿರ ಕ್ಯಾನ್ಸರ್ ಕೋಶ ಹಾಕುತ್ತೇವೆ. ಮೇಲೆ ಗುಲಾಬಿ ಬಣ್ಣದ ಪೋಷಕ ದ್ರವ. ಸಕ್ಕರೆ, ಉಪ್ಪು, ಅಮೈನೋ ಆಮ್ಲ, ಜೊತೆಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು ಭಾಗ ಕರುವಿನ ಸೀರಮ್, ಅಂದರೆ ರಕ್ತದ ತಿಳಿ. 37 ಡಿಗ್ರಿ ಶಾಖ, ನೂರಕ್ಕೆ ಐದು ಭಾಗ ಇಂಗಾಲದ ಡೈ ಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಡುತ್ತೇವೆ. ಕೋಶಗಳು ತಿಂದು ಬೆಳೆದಂತೆ ದ್ರವ ಹುಳಿಯಾಗುತ್ತದೆ. ಗುಲಾಬಿ ಬಣ್ಣ ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಬಣ್ಣ ನೋಡಿಯೇ ಎಷ್ಟು ಬೆಳೆದಿವೆ ಅಂತ ಅಂದಾಜು ಸಿಗುತ್ತದೆ.

ಆಮೇಲೆ ಪರೀಕ್ಷಿಸಬೇಕಾದ ಸಾರವನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕಿ ಎರಡು ಮೂರು ದಿನ ಬಿಡುತ್ತೇವೆ. ಕೊನೆಗೆ ಎಂಟಿಟಿ ಅನ್ನುವ ಹಳದಿ ಪುಡಿಯ ದ್ರಾವಣ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ನೇರಳೆ ಗಾಢವಾಗಿದ್ದರೆ ಕೋಶ ಚೆನ್ನಾಗಿದೆ. ಬಣ್ಣ ಬರಲಿಲ್ಲ ಅಂದರೆ ಕೋಶ ಸತ್ತಿದೆ ಅಥವಾ ಸುಸ್ತಾಗಿದೆ. 1983ರಿಂದ ಈ ವಿಧಾನ ಇದೆ. ನೀವು ನೋಡುವ ವಿಡಿಯೋಗಳಲ್ಲಿ "ಕೊಂದಿತು" ಅನ್ನುವ ಮಾತು ಬಹಳ ಸಲ ಹುಟ್ಟುವುದು ಈ ಬಣ್ಣದ ವ್ಯತ್ಯಾಸದಿಂದ.

ನನಗೇ ಆದ ಒಂದು ಅನುಭವ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಸಾರವನ್ನು ಪರೀಕ್ಷಿಸುತ್ತಿದ್ದೆ. ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಡಿಎಂಎಸ್‌ಓ ಅನ್ನುವ ದ್ರಾವಕದಲ್ಲಿ ಕರಗಿಸಿ ಹಾಕಿದೆ. ಕೋಶಗಳು ಸಾಲುಸಾಲಾಗಿ ಸತ್ತವು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಮೂರು ವಾರ ಅದನ್ನೇ ಮತ್ತೆ ಮತ್ತೆ ಮಾಡಿದೆ, ಪ್ರತಿ ಸಲವೂ ಅದೇ ಫಲ. ಕೊನೆಗೆ ಜೊತೆಯಲ್ಲಿದ್ದ ಹಿರಿಯರೊಬ್ಬರು "ಬರೀ ಡಿಎಂಎಸ್‌ಓ ಹಾಕಿದ ಗುಳಿ ಎಲ್ಲಿದೆ?" ಅಂತ ಕೇಳಿದರು. ಅದನ್ನು ನಾನು ಕಡಿಮೆ ಪ್ರಮಾಣದಲ್ಲಿ ಹಾಕಿದ್ದೆ, ಸಾರದ ಗುಳಿಗೆ ಹೋದಷ್ಟು ಹಾಕಿರಲಿಲ್ಲ. ಸರಿಯಾಗಿ ಸಮಸಮ ಹಾಕಿ ನೋಡಿದಾಗ ಎರಡೂ ಕಡೆ ಕೋಶಗಳು ಒಂದೇ ಥರ ಸತ್ತವು. ಕೊಂದದ್ದು ಸಾರವಲ್ಲ, ದ್ರಾವಕ.

ಹೀಗೆ ತಪ್ಪುವ ದಾರಿಗಳು ಇನ್ನೂ ಇವೆ. ಕೆಲವು ಗಿಡಗಳ ಸಾರ ಕೋಶವೇ ಇಲ್ಲದ ಗುಳಿಯಲ್ಲೂ ಎಂಟಿಟಿಯನ್ನು ನೇರಳೆ ಮಾಡಿಬಿಡುತ್ತದೆ. ತಟ್ಟೆಯಲ್ಲಿ ಹಾಕಿದಷ್ಟು ಪ್ರಮಾಣ ನುಂಗಿದ ಮೇಲೆ ರಕ್ತಕ್ಕೆ ತಲುಪುವುದೇ ಇಲ್ಲ ಅನ್ನುವುದು ಇನ್ನೊಂದು. ಕರುಳು ಹೀರಬೇಕು, ಯಕೃತ್ತು ಅದನ್ನು ಒಡೆದುಹಾಕದೆ ಬಿಡಬೇಕು, ಗಡ್ಡೆಯ ಒಳಕ್ಕೆ ಹೋಗಬೇಕು. ತಟ್ಟೆಯಲ್ಲಿ ಇದಾವುದೂ ಇಲ್ಲ.

ನಿಮ್ಮ ಎರಡನೇ ಪ್ರಶ್ನೆಗೂ ಇದಕ್ಕೂ ನಂಟಿದೆ. ಆ ತಟ್ಟೆಯಲ್ಲಿ ಬಿಳಿ ರಕ್ತಕಣ ಒಂದೂ ಇಲ್ಲ. ಕ್ಯಾನ್ಸರ್ ಕೋಶ ಒಂಟಿಯಾಗಿ ಕೂತಿರುತ್ತದೆ. ಅದನ್ನು ಹುಡುಕುವವರಿಲ್ಲ, ಅದಕ್ಕೆ ಅಡಗಿಕೊಳ್ಳುವ ಅಗತ್ಯವೂ ಇಲ್ಲ. ಅಂಥ ತಟ್ಟೆಯನ್ನು ತೋರಿಸಿ ಯಾರಾದರೂ ಇಮ್ಯುನಿಟಿ ಬಗ್ಗೆ ಮಾತಾಡಿದರೆ ನಂಬಬೇಡಿ.

ಹೊಳೆದಂಡೆ:

ಸೂಕ್ಷ್ಮದರ್ಶಿ ಅವರೇ, ಒಪ್ಪಿದೆ. ಆದರೂ ಒಂದು ಆಕ್ಷೇಪ. ಇವತ್ತು ಆಸ್ಪತ್ರೆಯಲ್ಲಿ ಕೊಡುವ ಔಷಧಿಗಳಲ್ಲಿ ಎಷ್ಟೋ ಇದೇ ತಟ್ಟೆಯಿಂದಲೇ ಶುರುವಾದವಲ್ವಾ? ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಅಮೆರಿಕದ ಮಹಿಳೆಯ ಗಡ್ಡೆಯಿಂದ 1951ರಲ್ಲಿ ತೆಗೆದ, ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಸುವ ಹೀಲಾ ಕೋಶಗಳು ಇಲ್ಲದಿದ್ದರೆ ವೈದ್ಯಕೀಯ ಎಷ್ಟು ಹಿಂದೆ ಉಳಿಯುತ್ತಿತ್ತು? ತಟ್ಟೆಯನ್ನು ಪೂರ್ತಿ ತಳ್ಳಿಹಾಕಿದರೆ ಜನ "ವಿಜ್ಞಾನಿಗಳಿಗೇ ಅವರ ಕೆಲಸದ ಮೇಲೆ ನಂಬಿಕೆ ಇಲ್ಲ" ಅಂದುಕೊಳ್ಳುತ್ತಾರೆ.

ಸೂಕ್ಷ್ಮದರ್ಶಿ:

ನಿಮ್ಮ ಮಾತು ಸರಿ. ನಾನು ತಟ್ಟೆಯನ್ನೇ ನಂಬಿ ಬದುಕುವವನು, ತಳ್ಳಿಹಾಕುತ್ತಿಲ್ಲ. ಯಾವ ಪ್ರಶ್ನೆಗೆ ಯಾವ ತಟ್ಟೆ ಅನ್ನುವುದಷ್ಟೇ ನನ್ನ ಮಾತು.

ಹೀಲಾ ಕೋಶಗಳು ಸುಮಾರು ಒಂದು ದಿನಕ್ಕೆ ಎರಡು ಪಟ್ಟಾಗುತ್ತವೆ. ಕೋಶ ಹೇಗೆ ಒಡೆದು ಎರಡಾಗುತ್ತದೆ, ಯಾವ ವಂಶವಾಹಿ ಕೆಟ್ಟರೆ ಒಡೆಯುವುದು ನಿಲ್ಲುವುದಿಲ್ಲ ಅಂತ ತಿಳಿಯಲು ಅದು ಸಾಕು. ಇಮ್ಯುನಿಟಿ ತಿಳಿಯಬೇಕಾದರೆ ಎರಡನೇ ಪಾತ್ರಧಾರಿಯಾದ ಬಿಳಿ ರಕ್ತಕಣವನ್ನೂ ತಟ್ಟೆಗೆ ತರಬೇಕು. ನಾವು ಮಾಡುವುದು ಅದನ್ನೇ.

ರಕ್ತದಿಂದ ಟಿ ಕೋಶ ಅಥವಾ ಎನ್‌ಕೆ ಕೋಶ ಅನ್ನುವ, ಕೊಲ್ಲಬಲ್ಲ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ ಕ್ಯಾನ್ಸರ್ ಕೋಶಗಳ ಮೇಲೆ ಬಿಡುತ್ತೇವೆ. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಕಟ್ಟಿ ರಾತ್ರಿಯಿಡೀ ಚಿತ್ರ ತೆಗೆಯುತ್ತೇವೆ. ಟಿ ಕೋಶ ಚಿಕ್ಕದು, ಸುಮ್ನೆ ಕೂರುವುದಿಲ್ಲ. ತೆವಳುತ್ತಾ ಬರುತ್ತದೆ. ಕ್ಯಾನ್ಸರ್ ಕೋಶವನ್ನು ಮುಟ್ಟುತ್ತದೆ, ತಡವುತ್ತದೆ, ಬೇಡ ಅನಿಸಿದರೆ ಮುಂದೆ ಹೋಗುತ್ತದೆ. ಗುರುತು ಸಿಕ್ಕಿದರೆ ನಿಲ್ಲುತ್ತದೆ. ಅಂಟಿಕೊಂಡು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಆ ದೊಡ್ಡ ಕೋಶದ ಮೈ ತುಂಬಾ ಗುಳ್ಳೆ ಏಳುತ್ತವೆ, ಕುದಿಯುವ ನೀರಿನ ಹಾಗೆ. ಆಮೇಲೆ ಮುದುಡಿಹೋಗುತ್ತದೆ. ಟಿ ಕೋಶ ಬಿಟ್ಟು ಮುಂದಿನದರ ಕಡೆ ಹೊರಡುತ್ತದೆ. ಪರ್ಫೋರಿನ್ ಅನ್ನುವ ಪ್ರೋಟೀನಿನಿಂದ ತೂತು ಕೊರೆದು ಗ್ರಾಂಜೈಮ್ ಅನ್ನುವ ಕತ್ತರಿಗಳನ್ನು ಒಳಕ್ಕೆ ತಳ್ಳಿರುತ್ತದೆ. ಇದನ್ನು ನೂರಾರು ಸಲ ನೋಡಿದ್ದೇನೆ. ಈಗಲೂ ಒಂದು ಕ್ಷಣ ಉಸಿರು ನಿಲ್ಲುತ್ತದೆ.

ಎನ್‌ಕೆ ಕೋಶದ ಕಥೆ ಇನ್ನೂ ಚೆಂದ. 1975ರ ಸುಮಾರಿಗೆ ಇದು ಬೆಳಕಿಗೆ ಬಂತು. ಮೊದಲೇ ಪರಿಚಯ ಇಲ್ಲದಿದ್ದರೂ ಕೆಲವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿತ್ತು. ಹೇಗೆ? ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಮೈಮೇಲೆ ಒಂದು ಗುರುತಿನ ಚೀಟಿ ಹಿಡಿದಿರುತ್ತವೆ. ಎಂಎಚ್‌ಸಿ ಅಂತ ಅದರ ಹೆಸರು. ಒಳಗೆ ಏನು ನಡೆಯುತ್ತಿದೆ ಅಂತ ಟಿ ಕೋಶಕ್ಕೆ ತೋರಿಸುವ ಚೀಟಿ ಅದು. ಟಿ ಕೋಶದಿಂದ ತಪ್ಪಿಸಿಕೊಳ್ಳಲು ಎಷ್ಟೋ ಕ್ಯಾನ್ಸರ್ ಕೋಶಗಳು ಆ ಚೀಟಿಯನ್ನೇ ಎಸೆದುಬಿಡುತ್ತವೆ. ಆಗ ಎನ್‌ಕೆ ಕೋಶ ಬರುತ್ತದೆ. ಚೀಟಿ ಇಲ್ಲದವರನ್ನೇ ಅದು ಹಿಡಿಯುವುದು. 1986ರಲ್ಲಿ ಸ್ವೀಡನ್ನಿನ ಕ್ಲಾಸ್ ಕಾರೆ ಮತ್ತು ಜೊತೆಗಾರರು ಇದನ್ನು ತೋರಿಸಿಕೊಟ್ಟರು. ಕೆ562 ಅನ್ನುವ ರಕ್ತ ಕ್ಯಾನ್ಸರಿನ ಕೋಶಗಳಿಗೆ ಈ ಚೀಟಿ ಇಲ್ಲ. ಎನ್‌ಕೆ ಕೋಶ ಎಷ್ಟು ಚುರುಕಾಗಿದೆ ಅಂತ ಅಳೆಯಲು ಇವತ್ತಿಗೂ ಲ್ಯಾಬುಗಳಲ್ಲಿ ಅದನ್ನೇ ಬಳಸುತ್ತಾರೆ.

ಮೊದಲಮಳೆ:

ನಾನು ಹೈಸ್ಕೂಲ್ ಟೀಚರ್. ಮಕ್ಕಳು ಕೇಳುವ ಪ್ರಶ್ನೆ ಇಲ್ಲೂ ಕೇಳುತ್ತೇನೆ. ಇಷ್ಟು ಚೆನ್ನಾಗಿ ಕಾಯುವ ಪಡೆ ಇದ್ದರೆ ಕ್ಯಾನ್ಸರ್ ಬರುವುದಾದರೂ ಹೇಗೆ? ಪಡೆ ಸೋತಿತೋ, ನೋಡಲೇ ಇಲ್ಲವೋ?

ಹಳೆಪುಟ:

ಈ ಪ್ರಶ್ನೆಗೆ ವಿಜ್ಞಾನಿಗಳು ಸುಮಾರು ನೂರು ವರ್ಷ ಕಿತ್ತಾಡಿದ್ದಾರೆ. ಅದನ್ನು ಓದುವುದು ನನ್ನ ಹವ್ಯಾಸ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1909ರಲ್ಲಿ ಪಾಲ್ ಎರ್ಲಿಕ್ ಒಂದು ಊಹೆ ಮುಂದಿಟ್ಟರು. ದೇಹದಲ್ಲಿ ಕ್ಯಾನ್ಸರ್ ಮೊಳಕೆಗಳು ಆಗಾಗ ಹುಟ್ಟುತ್ತವೆ, ನಮ್ಮ ರಕ್ಷಣಾ ವ್ಯವಸ್ಥೆ ಅವನ್ನು ಚಿವುಟಿಹಾಕುತ್ತದೆ ಅಂತ. 1950ರ ದಶಕದಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಲೂಯಿಸ್ ಥಾಮಸ್ ಇದಕ್ಕೆ ರೂಪ ಕೊಟ್ಟರು. ಕೇಳಲು ಬಹಳ ಹಿತವಾದ ವಾದ. ಆದರೆ ಸಾಬೀತಾಗಬೇಕಲ್ಲ.

1974ರಲ್ಲಿ ಓಸಿಯಾಸ್ ಸ್ಟಟ್‌ಮನ್ ಪರೀಕ್ಷೆಗೆ ಇಳಿದರು. ಕೂದಲಿಲ್ಲದ ಒಂದು ಜಾತಿ ಇಲಿ ಇದೆ, ಅದಕ್ಕೆ ಥೈಮಸ್ ಗ್ರಂಥಿ ಬೆಳೆಯುವುದಿಲ್ಲ. ಥೈಮಸ್ ಇಲ್ಲ ಅಂದರೆ ಟಿ ಕೋಶ ಇಲ್ಲ ಅಂತ ಲೆಕ್ಕ. ಆ ಇಲಿಗೂ ಸಾಮಾನ್ಯ ಇಲಿಗೂ ಕ್ಯಾನ್ಸರ್ ತರಿಸುವ ರಾಸಾಯನಿಕ ಚುಚ್ಚಿದರು. ಎರಡಕ್ಕೂ ಒಂದೇ ಪ್ರಮಾಣದಲ್ಲಿ ಗಡ್ಡೆ ಬಂತು! ಅಲ್ಲಿಗೆ ವಾದ ಬಿದ್ದುಹೋಯಿತು. ಮುಂದಿನ ಎರಡು ದಶಕ ಈ ವಿಷಯ ಎತ್ತಿದವರನ್ನು ಯಾರೂ ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ಆ ಇಲಿಯಲ್ಲಿ ಟಿ ಕೋಶ ಪೂರ್ತಿ ಇಲ್ಲದೆ ಇರಲಿಲ್ಲ. ಸ್ವಲ್ಪ ಇದ್ದವು. ಎನ್‌ಕೆ ಕೋಶಗಳಂತೂ ಧಾರಾಳವಾಗಿದ್ದವು. ಎನ್‌ಕೆ ಕೋಶ ಅಂತ ಒಂದಿದೆ ಅನ್ನುವುದೇ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸ್ಟಟ್‌ಮನ್ ಪ್ರಾಮಾಣಿಕವಾಗಿಯೇ ಮಾಡಿದ್ದರು. ಅವರ ಕೈಗೆ ಸಿಕ್ಕ ಇಲಿ ಮಾತ್ರ ಆ ಪ್ರಶ್ನೆಗೆ ಹೊಂದುವ ಇಲಿಯಾಗಿರಲಿಲ್ಲ.

2001ರಲ್ಲಿ ರಾಬರ್ಟ್ ಶ್ರೈಬರ್ ಅವರ ತಂಡ ಬೇರೆ ಇಲಿ ತೆಗೆದುಕೊಂಡಿತು. ರ‍್ಯಾಗ್-2 ಅನ್ನುವ ವಂಶವಾಹಿ ತೆಗೆದುಹಾಕಿದ ಇಲಿ. ಅದರಲ್ಲಿ ಟಿ ಕೋಶವೂ, ಬಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣವೂ ಬೆಳೆಯುವುದೇ ಇಲ್ಲ. ಈ ಸಲ ಆ ಇಲಿಗಳಿಗೆ ಗಡ್ಡೆ ಬೇಗ ಬಂತು, ಜಾಸ್ತಿ ಬಂತು. ಎರ್ಲಿಕ್ ಸರಿ ಇದ್ದರು.

ನನಗೆ ಮೈ ಜುಮ್ಮೆನಿಸಿದ್ದು ಇದರ ಮುಂದಿನ ಹೆಜ್ಜೆ. ಕಾವಲು ಇಲ್ಲದ ಇಲಿಯಲ್ಲಿ ಬೆಳೆದ ಗಡ್ಡೆಗಳನ್ನು ತೆಗೆದು ಆರೋಗ್ಯವಾದ ಇಲಿಗಳಿಗೆ ಹಾಕಿದರು. ಅವುಗಳಲ್ಲಿ ಶೇಕಡ 40ರಷ್ಟನ್ನು ಆರೋಗ್ಯವಾದ ಇಲಿ ತಿರಸ್ಕರಿಸಿಬಿಟ್ಟಿತು. ಆದರೆ ಕಾವಲು ಇರುವ ಇಲಿಯಲ್ಲಿ ಹುಟ್ಟಿ ಬೆಳೆದ ಗಡ್ಡೆಗಳನ್ನು ಹಾಕಿದಾಗ ಎಲ್ಲವೂ ಬೆಳೆದವು. ಅಂದರೆ ಏನು? ಕಾವಲಿನ ಕಣ್ಣೆದುರಿಗೆ ಬೆಳೆದ ಗಡ್ಡೆ ಕಾವಲನ್ನು ಮೋಸ ಮಾಡಲು ಕಲಿತ ಗಡ್ಡೆ. ಸುಲಭವಾಗಿ ಸಿಕ್ಕಿಬೀಳುವ ಕೋಶಗಳೆಲ್ಲ ಮೊದಲೇ ಸತ್ತಿರುತ್ತವೆ. ಉಳಿದದ್ದು ಗಟ್ಟಿಗರು. ಮೊದಲಮಳೆ ಅವರೇ, ಪಡೆ ನೋಡಿದೆ, ಹೋರಾಡಿದೆ, ಎಷ್ಟೋ ಗೆದ್ದಿದೆ. ನಮ್ಮ ಕಣ್ಣಿಗೆ ಕಾಣುವ ಕ್ಯಾನ್ಸರ್ ಮಾತ್ರ ಅದು ಸೋತ ಕಡೆ ಬೆಳೆದದ್ದು.

ಇವೆರಡರ ನಡುವೆ ಇನ್ನೊಂದು ಸ್ಥಿತಿಯೂ ಇದೆ. 2007ರಲ್ಲಿ ಅದೇ ತಂಡ ತೋರಿಸಿತು. ರಾಸಾಯನಿಕ ಚುಚ್ಚಿಸಿಕೊಂಡು ಎಷ್ಟೋ ತಿಂಗಳು ಗಡ್ಡೆಯೇ ಇಲ್ಲದೆ ಆರಾಮಾಗಿದ್ದ ಇಲಿಗಳ ಟಿ ಕೋಶಗಳನ್ನು ತೆಗೆದರು. ಕೆಲವಕ್ಕೆ ಸ್ವಲ್ಪ ದಿನದಲ್ಲೇ ಗಡ್ಡೆ ಎದ್ದಿತು. ಅಷ್ಟು ದಿನ ಅಲ್ಲೇ ಇತ್ತು. ಸಾಯದೆ, ಬೆಳೆಯದೆ.

ರಾತ್ರಿಪಾಳಿ:

ಹಳೆಪುಟ ಬರೆದದ್ದು ಓದಿ ಒಂದು ವಿಷಯ ನೆನಪಾಯಿತು. ನಾನು ನರ್ಸ್, ಕಿಡ್ನಿ ಕಸಿ ವಿಭಾಗದಲ್ಲಿ ಕೆಲಸ. ತರಬೇತಿಯಲ್ಲಿ ನಮಗೆ ಒಂದು ಪ್ರಕರಣ ಹೇಳಿಕೊಟ್ಟಿದ್ದರು. 2003ರಲ್ಲಿ ಪ್ರಕಟವಾದದ್ದು, ಸ್ಕಾಟ್ಲೆಂಡಿನದು. ಒಬ್ಬ ಮಹಿಳೆಗೆ 1982ರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರ್ ತೆಗೆದಿದ್ದರು. ಆಮೇಲೆ 16 ವರ್ಷ ಏನೂ ಇಲ್ಲ. ಗುಣವಾಗಿದೆ ಅಂತಲೇ ಎಲ್ಲರ ಲೆಕ್ಕ. ಬೇರೆ ಕಾರಣದಿಂದ ತೀರಿಕೊಂಡಾಗ ಅವರ ಎರಡು ಕಿಡ್ನಿ ಇಬ್ಬರಿಗೆ ಹೋಯಿತು. ಇಬ್ಬರಿಗೂ ಮೆಲನೋಮ ಬಂತು.

ಕಸಿ ಮಾಡಿಸಿಕೊಂಡವರು ಹೊಸ ಅಂಗ ಉಳಿಯಲಿ ಅಂತ ಇಮ್ಯುನಿಟಿ ತಗ್ಗಿಸುವ ಮಾತ್ರೆ ತಿನ್ನುತ್ತಾರೆ. ದಾನಿಯ ದೇಹ 16 ವರ್ಷ ಹಿಡಿದಿಟ್ಟಿದ್ದ ಕೋಶಗಳಿಗೆ ಅಲ್ಲಿ ಹಿಡಿಯುವವರೇ ಇರಲಿಲ್ಲ. ಮೆಲನೋಮ ಬಂದಿದ್ದವರಿಂದ ಅಂಗ ತೆಗೆದುಕೊಳ್ಳಬಾರದು ಅಂತ ಅವತ್ತು ಟೀಚರ್ ಒತ್ತಿ ಹೇಳಿದ್ದು ಯಾಕೆ ಅಂತ ನನಗೆ ಪೂರ್ತಿ ಅರ್ಥವಾದದ್ದು ಇವತ್ತು.

ಮುಂಜಾವು:

ಎಲ್ಲವನ್ನೂ ಎರಡೆರಡು ಸಲ ಓದಿದೆ. ಓದಿದ ಮೇಲೆ ನನ್ನ ಎರಡನೇ ಪ್ರಶ್ನೆ ಇನ್ನೂ ಜೋರಾಯಿತು. ಹಿಡಿದಿಡುವುದು ಇಮ್ಯುನಿಟಿಯೇ ಆದರೆ ಅದನ್ನು ಹೆಚ್ಚಿಸುವ ಪುಡಿ ಕೊಟ್ಟರೆ ತಪ್ಪೇನು?

ಸೂಕ್ಷ್ಮದರ್ಶಿ:

ಹೆಚ್ಚಿಸುವುದು ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ಇಮ್ಯುನಿಟಿ ಒಂದು ತೊಟ್ಟಿಯಲ್ಲಿರುವ ನೀರಲ್ಲ, ತುಂಬಿದಷ್ಟೂ ಒಳ್ಳೆಯದು ಅನ್ನಲು. ಹತ್ತಾರು ಬಗೆಯ ಕೋಶಗಳಿವೆ. ಕೆಲವು ಕೊಲ್ಲುತ್ತವೆ, ಕೆಲವು ತಡೆಯುತ್ತವೆ, ಕೆಲವು ಗಾಯ ಒಣಗಿಸುತ್ತವೆ. ಗಡ್ಡೆಯ ಒಳಗೆ ನೋಡಿದರೆ ಮ್ಯಾಕ್ರೋಫೇಜ್ ಅನ್ನುವ ಬಿಳಿ ರಕ್ತಕಣಗಳು ತುಂಬಾ ಇರುತ್ತವೆ. ಅವು ಗಡ್ಡೆಯನ್ನು ತಿನ್ನಬೇಕಾದವು. ಆದರೆ ಗಾಯ ವಾಸಿ ಮಾಡುವ ಗುಣಕ್ಕೆ ತಿರುಗಿ ಅದಕ್ಕೆ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ. ಗಡ್ಡೆ ಅಂದರೆ ವಾಸಿಯಾಗದ ಗಾಯ ಅಂತ 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಬರೆದದ್ದು ಇದಕ್ಕೇ. ಇನ್ನು ನಿಯಂತ್ರಕ ಟಿ ಕೋಶಗಳಿವೆ. ಶಿಮೋನ್ ಸಕಾಗುಚಿ 1995ರಲ್ಲಿ ತೋರಿಸಿದವು, 2025ರ ನೊಬೆಲ್ ಬಂದದ್ದು ಆ ಸಂಶೋಧನೆಗೆ. ಅವು ಉಳಿದ ಟಿ ಕೋಶಗಳನ್ನು ಸುಮ್ಮನಿರಿಸುತ್ತವೆ. ಅವಿಲ್ಲದಿದ್ದರೆ ನಮ್ಮ ದೇಹವನ್ನು ನಾವೇ ತಿಂದುಕೊಳ್ಳುತ್ತೇವೆ. ಗಡ್ಡೆ ಅವನ್ನೂ ಕರೆದು ಸುತ್ತ ಕೂರಿಸಿಕೊಳ್ಳುತ್ತದೆ. ಈಗ ಹೇಳಿ, ಪುಡಿ ಯಾವುದನ್ನು ಹೆಚ್ಚಿಸುತ್ತದೆ?

ನಿಮ್ಮ ಅಕ್ಕ ತೆಗೆದುಕೊಳ್ಳುವ ಔಷಧಿಯ ಬೇರು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಟಿ ಕೋಶದ ಮೈಮೇಲೆ ಸಿಟಿಎಲ್‌ಎ-4 ಅಂತ ಒಂದು ಪ್ರೋಟೀನ್ ಇದೆ. ಅದು ಬ್ರೇಕ್ ಅಂತ 1990ರ ದಶಕದಲ್ಲಿ ಗೊತ್ತಾಯಿತು. ಜೇಮ್ಸ್ ಆಲಿಸನ್ ಆ ಬ್ರೇಕಿಗೆ ಅಂಟಿಕೊಂಡು ಅದು ಕೆಲಸ ಮಾಡದಂತೆ ತಡೆಯುವ ಪ್ರತಿಕಾಯ ಅನ್ನುವ ಪ್ರೋಟೀನನ್ನು ಗಡ್ಡೆ ಇರುವ ಇಲಿಗಳಿಗೆ ಕೊಟ್ಟರು. ಗಡ್ಡೆ ಕರಗಿತು. 1996ರಲ್ಲಿ ಅದು ಪ್ರಕಟವಾಯಿತು. ಮನುಷ್ಯರಿಗೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಹದಿನೈದು ವರ್ಷ ಬಿಟ್ಟು. ಇನ್ನೊಂದು ಬ್ರೇಕ್ ಪಿಡಿ-1. ಅದನ್ನು 1992ರಲ್ಲಿ ಕಂಡದ್ದು ಜಪಾನಿನ ತಸುಕು ಹೊಂಜೊ ಅವರ ಲ್ಯಾಬ್. ಇಬ್ಬರಿಗೂ 2018ರ ನೊಬೆಲ್ ಬಂತು. ಇವರಾರೂ ಟಿ ಕೋಶಗಳನ್ನು ಹೆಚ್ಚಿಸಲು ಹೋಗಲಿಲ್ಲ. ಗಡ್ಡೆ ಒತ್ತಿ ಹಿಡಿದಿದ್ದ ಬ್ರೇಕನ್ನು ಬಿಡಿಸಿದರು, ಅಷ್ಟೇ.

ಬ್ರೇಕ್ ಬಿಡಿಸುವುದಕ್ಕೂ ಬೆಲೆ ಇದೆ. ಕರುಳು, ಥೈರಾಯ್ಡ್, ಶ್ವಾಸಕೋಶದ ಮೇಲೆ ಟಿ ಕೋಶ ತಿರುಗಿಬೀಳಬಹುದು, ಅಪರೂಪಕ್ಕೆ ಹೃದಯದ ಮೇಲೂ. ಡಾಕ್ಟರ್ ಪ್ರತಿ ಸಲ ರಕ್ತಪರೀಕ್ಷೆ ಮಾಡಿಸುವುದು ಇದಕ್ಕೇ.

ನೇರವಾಗಿ ಕೆರಳಿಸಿದರೆ ಏನಾಗಬಹುದು ಅನ್ನುವುದಕ್ಕೆ 2006ರ ಲಂಡನ್ನಿನ ಘಟನೆ ಇದೆ. ಟಿಜಿಎನ್1412 ಅನ್ನುವ ಪ್ರತಿಕಾಯ. ಟಿ ಕೋಶಗಳನ್ನು ನೇರವಾಗಿ ಎಚ್ಚರಿಸುವಂಥದ್ದು. ಕೋತಿಗಳಲ್ಲಿ ತೊಂದರೆ ಕಾಣಲಿಲ್ಲ. ಕೋತಿಗೆ ಸುರಕ್ಷಿತ ಅಂತ ಕಂಡ ಪ್ರಮಾಣದ 500ರಲ್ಲಿ ಒಂದು ಭಾಗವನ್ನು ಆರು ಜನ ಆರೋಗ್ಯವಂತರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರೂ ಜನರ ಸ್ಥಿತಿ ಗಂಭೀರವಾಯಿತು. ಎಲ್ಲರೂ ಬದುಕಿ ಉಳಿದರು, ಆದರೆ ತುರ್ತು ನಿಗಾದಲ್ಲಿ ದಿನಗಟ್ಟಲೆ ಇದ್ದು. ಆ ಔಷಧಿ ಹಿಡಿಯುವ ಸಿಡಿ28 ಅನ್ನುವ ಪ್ರೋಟೀನ್ ಮನುಷ್ಯರ ಒಂದು ಬಗೆಯ ಟಿ ಕೋಶದಲ್ಲಿತ್ತು, ಆ ಕೋತಿಗಳಲ್ಲಿ ಅದೇ ಬಗೆಯ ಕೋಶದಲ್ಲಿ ಇರಲಿಲ್ಲ ಅಂತ ಆಮೇಲೆ ತಿಳಿಯಿತು.

ಪುಡಿ ಹೀಗೆಲ್ಲ ಮಾಡುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಬಹುಪಾಲು ಪುಡಿಗಳು ಏನೂ ಮಾಡುವುದಿಲ್ಲ. ಆದರೆ ಏನಾದರೂ ಮಾಡುವಂಥದ್ದಾಗಿದ್ದರೆ ಅದು ಡಾಕ್ಟರಿಗೆ ಗೊತ್ತಿರಲೇಬೇಕು.

ಹೊಳೆದಂಡೆ:

ಇದಕ್ಕೆ ಒಂದು ಸೇರಿಸುತ್ತೇನೆ. ಕ್ಯಾರೆಟ್‌ನಲ್ಲಿರುವ ಬೀಟಾ ಕೆರೋಟಿನ್ ಕಥೆ. ಕ್ಯಾನ್ಸರ್ ತಡೆಯುತ್ತದೆ ಅಂತ ಮೊದಲಿನ ಅಧ್ಯಯನಗಳಲ್ಲಿ ಬಹಳ ಆಶಾದಾಯಕವಾಗಿ ಕಂಡಿತ್ತು. ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದುವವರು, ವರ್ಷಗಟ್ಟಲೆ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18 ಜಾಸ್ತಿ. ಒಳ್ಳೆಯದು ಅಂತಲೇ ಕೊಟ್ಟದ್ದು.

ಮೊದಲಮಳೆ:

ಅಬ್ಬಾ. ನಾಳೆ ತರಗತಿಯಲ್ಲಿ ಇದನ್ನು ಹೇಳುತ್ತೇನೆ. ಇನ್ನೊಂದು ಕೇಳಬೇಕಿತ್ತು, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಹಸಿವಿನಿಂದ ಸಾಯುತ್ತದೆ ಅಂತಾರಲ್ಲ?

ಸೂಕ್ಷ್ಮದರ್ಶಿ:

ಚಿಕ್ಕದಾಗಿ ಹೇಳುತ್ತೇನೆ. ಗಡ್ಡೆ ಸಕ್ಕರೆಯನ್ನು ಜಾಸ್ತಿ ತಿನ್ನುತ್ತದೆ ಅಂತ ಓಟೊ ವಾರ್‌ಬರ್ಗ್ 1920ರ ದಶಕದಲ್ಲೇ ಕಂಡರು. ಆದರೆ ಹೋರಾಟಕ್ಕೆ ಇಳಿದ ಟಿ ಕೋಶಕ್ಕೂ ಅದೇ ಸಕ್ಕರೆ ಬೇಕು. 2021ರಲ್ಲಿ ಇಲಿಗಳ ಗಡ್ಡೆಯಲ್ಲಿ ಅಳೆದಾಗ ಒಂದೊಂದು ಕೋಶದ ಲೆಕ್ಕದಲ್ಲಿ ಅತಿ ಹೆಚ್ಚು ಸಕ್ಕರೆ ಎಳೆದದ್ದು ಮ್ಯಾಕ್ರೋಫೇಜ್ ಥರದ ಬಿಳಿ ರಕ್ತಕಣಗಳು, ಕ್ಯಾನ್ಸರ್ ಕೋಶಗಳಲ್ಲ. ನೀವು ಊಟದಲ್ಲಿ ಸಕ್ಕರೆ ಬಿಟ್ಟರೂ ರಕ್ತದಲ್ಲಿ ಗ್ಲೂಕೋಸ್ ಇಳಿಯದಂತೆ ಯಕೃತ್ತು ನೋಡಿಕೊಳ್ಳುತ್ತದೆ. ಚಿಕಿತ್ಸೆಯಲ್ಲಿರುವವರು ಊಟ ಬಿಟ್ಟು ಸೊರಗುವುದೇ ಹೆಚ್ಚಿನ ಅಪಾಯ.

ಇಲಿಮನೆ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ಇಲಿ ಇಲಿ ಅನ್ನುತ್ತಿದ್ದೀರಿ. ಆ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅವುಗಳ ಪರವಾಗಿ ಎರಡು ಮಾತು ಹೇಳಬೇಕು.

ಪ್ರಾಣಿಗಳ ಕೋಣೆಯನ್ನು ಸಾಮಾನ್ಯವಾಗಿ 22 ಡಿಗ್ರಿ ಆಸುಪಾಸಿನಲ್ಲಿ ಇಡುತ್ತಾರೆ. ಕೋಟು ಹಾಕಿ ಕೆಲಸ ಮಾಡುವ ನಮಗೆ ಅದು ಹಿತ. ಇಲಿಗೆ ಚಳಿ. ಇಲಿಗೆ ಹಿತವಾದದ್ದು 30 ಡಿಗ್ರಿ. ಚಳಿಯಲ್ಲಿ ಮೈ ಬೆಚ್ಚಗಿಡಲು ಅದು ಬಹಳ ಶಕ್ತಿ ಸುಡುತ್ತದೆ. ಬೆಳಿಗ್ಗೆ ಪಂಜರ ತೆಗೆದರೆ ಐದೂ ಇಲಿ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ಕಾಗದದ ಚೂರುಗಳನ್ನೆಲ್ಲ ಎಳೆದು ಸುತ್ತ ಗೂಡು ಕಟ್ಟಿರುತ್ತವೆ. 2013ರಲ್ಲಿ ಅಮೆರಿಕದ ಒಂದು ತಂಡ ಒಂದೇ ಜಾತಿಯ ಇಲಿಗಳನ್ನು 22 ಮತ್ತು 30 ಡಿಗ್ರಿಯಲ್ಲಿ ಬೇರೆ ಬೇರೆ ಇಟ್ಟು ಒಂದೇ ಕ್ಯಾನ್ಸರ್ ಕೋಶ ಹಾಕಿ ನೋಡಿತು. ಬೆಚ್ಚಗಿದ್ದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು. ಕೊಲ್ಲುವ ಟಿ ಕೋಶಗಳು ಗಡ್ಡೆಯೊಳಗೆ ಜಾಸ್ತಿ ಇದ್ದವು. ಔಷಧಿ ಏನೂ ಇಲ್ಲ, ಬರೀ ಬೆಚ್ಚಗಿನ ಕೋಣೆ! ಅಷ್ಟು ವರ್ಷ ಚಳಿಯಲ್ಲಿ ನಡುಗುವ ಇಲಿಗಳ ಇಮ್ಯುನಿಟಿ ಅಳೆದು ಬರೆದ ಲೆಕ್ಕಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

2015ರಲ್ಲಿ ಶಿಕಾಗೋದಲ್ಲಿ ಇನ್ನೊಂದು ಪ್ರಯೋಗ. ಬೇರೆ ಬೇರೆ ಕಡೆ ಸಾಕಿದ ಒಂದೇ ತಳಿಯ ಇಲಿಗಳು. ಒಂದು ಕಡೆಯ ಇಲಿಗಳಲ್ಲಿ ಮೆಲನೋಮ ಬೇಗ ಬೆಳೆಯಿತು, ಇನ್ನೊಂದು ಕಡೆಯವುಗಳಲ್ಲಿ ನಿಧಾನ. ಎರಡನ್ನೂ ಒಂದೇ ಪಂಜರದಲ್ಲಿ ಸಾಕಿದಾಗ ವ್ಯತ್ಯಾಸ ಮಾಯ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ಕರುಳಿನ ಬ್ಯಾಕ್ಟೀರಿಯಾ ಹಂಚಿಹೋಗುತ್ತದೆ. ಟಿ ಕೋಶಗಳ ಚುರುಕು ಕರುಳಿನ ಬ್ಯಾಕ್ಟೀರಿಯಾಗಳ ಮೇಲೂ ನಿಂತಿತ್ತು.

ಇನ್ನು ನಮ್ಮ ಇಲಿಗಳು ಅತಿ ಸ್ವಚ್ಛ. ಸೋಂಕು ಅಂದರೇನು ಅಂತಲೇ ಗೊತ್ತಿಲ್ಲ. 2016ರಲ್ಲಿ ಮಿನ್ನೆಸೋಟಾದ ತಂಡ ತೋರಿಸಿದ್ದು, ಲ್ಯಾಬ್ ಇಲಿಯ ಇಮ್ಯುನಿಟಿ ಹಸುಗೂಸಿನದ್ದರ ಹಾಗೆ. ಸಾಕುಪ್ರಾಣಿ ಅಂಗಡಿಯ ಇಲಿಗಳ ಜೊತೆ ಬೆರೆಸಿದಾಗ ಕೆಲವು ಸತ್ತವು. ಉಳಿದವುಗಳ ಇಮ್ಯುನಿಟಿ ದೊಡ್ಡವರದ್ದಕ್ಕೆ ಹತ್ತಿರವಾಯಿತು.

ಸೂಕ್ಷ್ಮದರ್ಶಿ ಅವರೇ, ನೀವು ತಟ್ಟೆಯಲ್ಲಿ ಬಿಳಿ ರಕ್ತಕಣ ಇಲ್ಲ ಅಂದಿರಿ. ಇಲಿಯಲ್ಲಿದೆ ಸರಿ. ಆದರೆ ಇಲಿಗೆ ಚಳಿಯಾಗಿದೆಯೇ, ಅದರ ಕರುಳಲ್ಲಿ ಏನಿದೆ ಅಂತ ನಿಮ್ಮಲ್ಲಿ ಎಷ್ಟು ಜನ ಕೇಳುತ್ತೀರಿ?

ಸೂಕ್ಷ್ಮದರ್ಶಿ:

ನಾನು ಕೇಳುತ್ತಿರಲಿಲ್ಲ. ಗೂಡು ಕಟ್ಟಲು ಸಾಕಷ್ಟು ಕಾಗದ ಕೊಡುತ್ತಾರೋ ಇಲ್ಲವೋ ಅಂತ ಕೂಡ ನೋಡಿರಲಿಲ್ಲ. ನಾಳೆ ಕೆಳಗಿನ ಮಹಡಿಗೆ ಹೋಗಿ ನೋಡುತ್ತೇನೆ. ಮುಂದಿನ ಪ್ರಯೋಗದಲ್ಲಿ ಪಂಜರದ ಶಾಖವನ್ನು ಬರೆದಿಡುತ್ತೇನೆ. ಹೋಲಿಸಿ ನೋಡುವ ಎರಡೂ ಗುಂಪಿನ ಇಲಿಗಳನ್ನು ಬೆರೆಸಿ ಸಾಕುತ್ತೇನೆ.

ಮುಂಜಾವು:

ನಿನ್ನೆ ಅಕ್ಕನ ಡ್ರಿಪ್ ಇತ್ತು. ನೀವೆಲ್ಲ ಹೇಳಿದ ಮೇಲೆ ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಇಟ್ಟೆ. ಅವರು ಬೈಯಲಿಲ್ಲ. ಒಂದೊಂದರ ಚೀಟಿ ಓದಿದರು. ಎರಡನ್ನು ಪಕ್ಕಕ್ಕೆ ಇಟ್ಟು "ಇವು ಖಂಡಿತ ಬೇಡ, ಯಕೃತ್ತಿಗೆ ಹೊರೆ" ಅಂದರು. ಉಳಿದದ್ದೂ ಚಿಕಿತ್ಸೆ ಮುಗಿಯುವವರೆಗೆ ಬೇಡ ಅಂದರು. ಅಕ್ಕನಿಗೆ ನಿರಾಳವಾಯಿತು. ಯಾವುದನ್ನು ನುಂಗಲಿ ಅಂತ ದಿನಾ ಯೋಚಿಸುವ ಕಷ್ಟ ತಪ್ಪಿತು ಅಂದಳು.

ದಾರಿಯಲ್ಲಿ ಅವಳಿಗೆ ಇಲ್ಲಿನದನ್ನೆಲ್ಲ ಓದಿ ಹೇಳಿದೆ. ಅವಳದೊಂದು ಪ್ರಶ್ನೆ. ಔಷಧಿ ನಿಲ್ಲಿಸಿದ ಮೇಲೆ ಬಿಳಿ ರಕ್ತಕಣಗಳು ಇದನ್ನೆಲ್ಲ ಮರೆತುಬಿಡುತ್ತವಾ?

ಸೂಕ್ಷ್ಮದರ್ಶಿ:

ಎಲ್ಲರಲ್ಲೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಈ ಔಷಧಿ ಎಲ್ಲರಿಗೂ ಕೆಲಸ ಮಾಡುವುದಿಲ್ಲ ಅನ್ನುವುದು ಅಕ್ಕನಿಗೂ ಗೊತ್ತಿರುತ್ತದೆ. ಲ್ಯಾಬ್‌ನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಬ್ರೇಕ್ ಬಿಡಿಸುವ ಔಷಧಿಯಿಂದ ಗಡ್ಡೆ ಪೂರ್ತಿ ಕರಗಿದ ಇಲಿಗಳನ್ನು ನಾವು ಹಾಗೇ ಬಿಡುತ್ತೇವೆ. ಔಷಧಿ ಕೊಡುವುದಿಲ್ಲ. ಎರಡು ಮೂರು ತಿಂಗಳು ಕಳೆಯಲಿ ಅಂತ ಕಾಯುತ್ತೇವೆ. ಆಮೇಲೆ ಅದೇ ಕ್ಯಾನ್ಸರ್ ಕೋಶಗಳನ್ನು ಮತ್ತೆ ಹಾಕುತ್ತೇವೆ. ಪಕ್ಕದ ಪಂಜರದಲ್ಲಿ ಅದೇ ವಯಸ್ಸಿನ, ಕ್ಯಾನ್ಸರ್ ಕಾಣದ ಇಲಿಗಳಿಗೂ ಅಷ್ಟೇ ಹಾಕುತ್ತೇವೆ. ಎರಡು ವಾರಕ್ಕೆ ಆ ಹೊಸ ಇಲಿಗಳಲ್ಲಿ ಗಡ್ಡೆ ಕೈಗೆ ಸಿಗುತ್ತದೆ. ವಾಸಿಯಾದ ಇಲಿಯ ಚರ್ಮದ ಕೆಳಗೆ ಬೆರಳಾಡಿಸಿದರೆ ಏನೂ ಇರುವುದಿಲ್ಲ. ಆಲಿಸನ್ ಅವರ 1996ರ ಲೇಖನದಲ್ಲೂ ಇದೇ ಇದೆ. ಟಿ ಕೋಶಗಳಲ್ಲಿ ಒಂದಿಷ್ಟು ನೆನಪಿನ ಕೋಶಗಳಾಗಿ ಉಳಿಯುತ್ತವೆ.

ಮುಂಜಾವು:

ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ. ಎರಡನೇ ಸಲ ಹಾಕಿದ್ದು ಅದೇ ಜಾಗಕ್ಕಾ ಅಂತ ಕೇಳುತ್ತಿದ್ದಾಳೆ.

ಸೂಕ್ಷ್ಮದರ್ಶಿ:

ಇಲ್ಲ. ಮೊದಲನೆಯದು ಬಲ ಪಕ್ಕೆಗೆ, ಎರಡನೆಯದು ಎಡ ಪಕ್ಕೆಗೆ. ನೆನಪಿನ ಕೋಶಗಳು ರಕ್ತದಲ್ಲಿ ಮೈಯೆಲ್ಲ ಸುತ್ತುತ್ತಿರುತ್ತವೆ. ಎಡಕ್ಕೆ ಹಾಕಿದರೂ ಹುಡುಕಿಕೊಂಡು ಬಂದವು.